ಕಾವಲು ತಗ್ಗಿದ ದಿನಗಳು

ಸಸ್ಯಶಾಸ್ತ್ರದ ಮೇಷ್ಟರಾಗಿ ಮೂವತ್ತೊಂದು ವರ್ಷ ದುಡಿದವನು ನಾನು. ಪ್ರತಿವರ್ಷವೂ ಮಳೆಗಾಲದ ಮೊದಲ ವಾರಗಳಲ್ಲಿ, ಹೊಸದಾಗಿ ಕಾಲೇಜಿಗೆ ಬಂದ ಹುಡುಗರಿಗಾಗಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ತೋರಿಸುತ್ತಿದ್ದೆ. ಒಂದು ಚೂರು ಬ್ರೆಡ್ಡಿಗೆ ನೀರು ಚಿಮುಕಿಸಿ, ಅದರ ಮೇಲೆ ಗಾಜಿನ ಬೋಗುಣಿಯೊಂದನ್ನು ಕವುಚಿಟ್ಟು, ಮೂರು ದಿನ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡುವುದು. ನಾಲ್ಕನೆಯ ದಿನ ಬೋಗುಣಿ ಎತ್ತಿದರೆ ಅರಳೆಯಂಥ ಬಿಳಿಯ ಬೂಷ್ಟು; ಅದರ ಎಳೆಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಕರಿಯ ಚುಕ್ಕೆಗಳು. "ಇದನ್ನು ಬಿತ್ತಿದವರು ಯಾರಪ್ಪ?" ಎಂದು ಕೇಳುತ್ತಿದ್ದೆ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಬಿತ್ತಿದ್ದು ಗಾಳಿ; ನಾವು ಉಸಿರಾಡುವ ಗಾಳಿಯ ತುಂಬ ಈ ಬೀಜಗಳಿವೆ; ಈ ಗಳಿಗೆಯಲ್ಲಿಯೂ ಅವು ನಿಮ್ಮ ಮೂಗಿನೊಳಗೆ ಹೋಗುತ್ತಿವೆ ಎಂದು ನಾನು ಒಂದು ಬಗೆಯ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಹುಡುಗಿಯರು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ನನಗೆ ನಗು ಬರುತ್ತಿತ್ತು.

ಅದೇ ಪಾಠವನ್ನು ನಾನು ಇನ್ನೊಂದು ಸಲ, ನನ್ನ ಮನೆಯೊಳಗೇ ಕಲಿಯಬೇಕಾಗಿ ಬಂದದ್ದು ೨೦೧೯ರಲ್ಲಿ.

ಶಿಲೀಂಧ್ರವೆಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲ ಶಿಲೀಂಧ್ರಗಳನ್ನು ಹೊಮ್ಮಿಸುತ್ತದೆ. ಕವಿಗೆ ಅದು ಭೂಮಿ ಬಂಜೆಯಲ್ಲವೆಂಬುದರ ಗುರುತು. ವಿಜ್ಞಾನಿಗಳು ಆ ಚೆಲುವಾದ ಮಾತನ್ನು ಎತ್ತಿಕೊಂಡು ಅಣಬೆ, ನಾಯಿಕೊಡೆ, ಉಪ್ಪಿನಕಾಯಿಯ ಮೇಲಣ ಬೂಷ್ಟು, ಚರ್ಮದ ಗಜಕರ್ಣ, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟು, ಪೆನಿಸಿಲಿನ್ ಕೊಟ್ಟ ಹಸಿರು ಪಾಚಿಬಣ್ಣದ ಹುಡಿ, ಇವೆಲ್ಲಕ್ಕೂ ಹೊದಿಸಿಬಿಟ್ಟರು. ನಾನು ಓದುವಾಗ ಇವನ್ನೆಲ್ಲ ಸಸ್ಯವರ್ಗದಲ್ಲಿಯೇ ಸೇರಿಸಿ ಹೇಳುತ್ತಿದ್ದರು. ಆದ್ದರಿಂದಲೇ ಇವು ಸಸ್ಯಶಾಸ್ತ್ರದ ಮೇಷ್ಟರ ಪಾಲಿಗೆ ಬಂದದ್ದು. ಇವು ಸಸ್ಯಗಳಲ್ಲವೆಂದೂ, ವಂಶಾವಳಿಯನ್ನು ನೋಡಿದರೆ ಗಿಡಮರಗಳಿಗಿಂತ ನಮಗೇ, ಎಂದರೆ ಪ್ರಾಣಿಗಳಿಗೇ, ಹೆಚ್ಚು ಹತ್ತಿರದವೆಂದೂ ಈಗ ಗೊತ್ತಾಗಿದೆ. ಈ ದಾಯಾದಿ ಸಂಬಂಧ ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ; ರೋಗಿಯ ಹಾಸಿಗೆಯ ಬಳಿ ಅದು ದೊಡ್ಡ ತೊಡಕಾಗಿ ನಿಲ್ಲುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆ ಇರುವುದು ರಾಜರಾಜೇಶ್ವರಿನಗರದಲ್ಲಿ. ಮೈಸೂರು ರಸ್ತೆಯ ಕಮಾನಿನಿಂದ ಒಳಕ್ಕೆ ಬಂದು, ಅಮ್ಮನವರ ದೇವಸ್ಥಾನ ದಾಟಿ ಏರು ಹತ್ತಿದರೆ ಸಿಕ್ಕುವ ಬೀದಿಗಳಲ್ಲೊಂದು. ನಾವು ಬಂದಾಗ ಸುತ್ತಲೂ ಖಾಲಿ ನಿವೇಶನಗಳು, ಬಂಡೆ, ಲಂಟಾನ, ಪಾರ್ಥೇನಿಯಮ್. ಸಂಜೆ ತುರಹಳ್ಳಿ ಕಾಡಿನ ಕಡೆಯಿಂದ ತಣ್ಣನೆಯ ಗಾಳಿ. ಈಗ ಬಂಡೆ ಒಡೆದು, ನೆಲ ಅಗೆದು, ಒಂದು ಮನೆಯ ಗಾರೆ ಒಣಗುವುದರೊಳಗೆ ಪಕ್ಕದ ಮನೆಗೆ ಪಾಯ ತೋಡುತ್ತಾರೆ. ಧೂಳಿನ ಬಗ್ಗೆ ಗೊಣಗದ ಗೃಹಿಣಿ ಈ ಬಡಾವಣೆಯಲ್ಲಿಲ್ಲ. ನಿವೃತ್ತನಾದ ಮೇಲೆ ನಾನು ತಾರಸಿಯ ಮೇಲೆ ಒಂದಿಷ್ಟು ಗಿಡ ಬೆಳೆಸಿದೆ. ಒಣಗಿದೆಲೆ, ತರಕಾರಿ ಸಿಪ್ಪೆಗಳನ್ನು ಎರಡು ನೀಲಿ ಪೀಪಾಯಿಗಳಲ್ಲಿ ಕೊಳೆಸಿ ಗೊಬ್ಬರ ಮಾಡಿದೆ. ಭಾನುವಾರ ಬೆಳಿಗ್ಗೆ ಅದನ್ನು ಸಲಾಕಿಯಿಂದ ಮಗುಚುವುದು ನನ್ನ ವ್ರತ. ಮಗುಚಿದಾಗ ಬಿಸಿಯಾದ ಹಬೆಯೊಡನೆ ಬೂದುಬಣ್ಣದ ಒಂದು ಹೊಗೆ ಏಳುತ್ತಿತ್ತು. ಅದೇನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಆ ವರ್ಷದ ಬೇಸಗೆಯಲ್ಲಿ ನನ್ನ ಪತ್ನಿಯ ಕತ್ತಿನ ಎಡಬದಿಯಲ್ಲಿ ಅಡಕೆಯಷ್ಟು ದಪ್ಪದ ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲ, ಕೆಂಪಿಲ್ಲ. ತಿಂಗಳಾದರೂ ಇಳಿಯದಿದ್ದಾಗ ಅದರ ಚೂರೊಂದನ್ನು ತೆಗೆದು ಪರೀಕ್ಷಿಸಿದರು. ಲಿಂಫೋಮಾ ಎಂದು ಗೊತ್ತಾಯಿತು.

ಈ ಕಾಯಿಲೆಯ ಬಗ್ಗೆ ಎರಡು ಮಾತು. ನಮ್ಮ ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಚಿಕ್ಕ ಚಿಕ್ಕ ದುಗ್ಧಗ್ರಂಥಿಗಳಿವೆ. ಹೊರಗಿನಿಂದ ಬಂದ ಕ್ರಿಮಿಯನ್ನು ಹಿಡಿದು ವಿಚಾರಿಸುವ ಚಾವಡಿಗಳೆಂದು ಅವನ್ನು ಕರೆಯಬಹುದು. ಅಲ್ಲಿ ಕುಳಿತ ಬಿಳಿಯ ರಕ್ತಕಣಗಳ ಒಂದು ವರ್ಗಕ್ಕೆ ಲಿಂಫೋಸೈಟುಗಳೆಂದು ಹೆಸರು. ಇವೇ ಕೆಟ್ಟು, ಅಂಕೆಯಿಲ್ಲದೆ ಹೆಚ್ಚತೊಡಗಿದರೆ ಅದು ಲಿಂಫೋಮಾ. ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ೧೮೩೨ರಲ್ಲಿ ಇದರ ಒಂದು ಬಗೆಯನ್ನು ವರ್ಣಿಸಿದ. ಆ ಬಗೆಗೆ ಇಂದಿಗೂ ಅವನದೇ ಹೆಸರು. ಉಳಿದ ಹತ್ತಾರು ಬಗೆಗಳನ್ನು 'ಹಾಡ್ಜ್‌ಕಿನ್ ಅಲ್ಲದವು' ಎಂದು ಒಟ್ಟಾಗಿ ಕರೆಯುತ್ತಾರೆ. ನನ್ನ ಪತ್ನಿಯದು ಈ ಎರಡನೆಯ ಗುಂಪಿನದು, ಬೇಗ ಬೆಳೆಯುವಂಥದು. ಬೇಗ ಬೆಳೆಯುವುದೇ ಔಷಧಕ್ಕೆ ಬೇಗ ಬಗ್ಗುತ್ತದೆಂದೂ, ಅರ್ಬುದಗಳಲ್ಲಿ ಪೂರ್ತಿ ವಾಸಿಯಾಗುವ ಸಂಭವವಿರುವುದು ಇಂಥವಕ್ಕೇ ಎಂದೂ ವೈದ್ಯರು ಹೇಳಿದರು. ಇಪ್ಪತ್ತೊಂದು ದಿನಕ್ಕೊಮ್ಮೆ ಔಷಧ, ಹೀಗೆ ಆರು ಸುತ್ತು.

ಈ ಔಷಧಗಳು ಬೇಗಬೇಗ ಇಬ್ಭಾಗವಾಗುವ ಜೀವಕೋಶಗಳನ್ನೆಲ್ಲ ಹೊಡೆಯುತ್ತವೆ. ಗಂಟಿನ ಕೋಶಗಳೂ ಹಾಗೆ ಇಬ್ಭಾಗವಾಗುವವೇ. ಎಲುಬಿನ ನೆಣದೊಳಗೆ ಹಗಲಿರುಳೂ ರಕ್ತಕಣಗಳನ್ನು ತಯಾರಿಸುವ ಕೋಶಗಳೂ ಹಾಗೆಯೇ. ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣದ ಆಯುಸ್ಸು ತೀರ ಅಲ್ಪ. ಆದ್ದರಿಂದ ತಯಾರಿಕೆ ನಿಂತಾಗ ಮೊದಲು ಬರಿದಾಗುವ ಉಗ್ರಾಣ ಅದರದೇ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಅವು ಸಾಮಾನ್ಯವಾಗಿ ೧,೫೦೦ಕ್ಕೆ ಮೇಲಿರುತ್ತವೆ. ಔಷಧ ಕೊಟ್ಟ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಅವು ಕುಸಿಯುತ್ತ ಹೋಗಿ, ೫೦೦ಕ್ಕಿಂತ ಕೆಳಗಿಳಿದರೆ ಕಾವಲುಗಾರರಿಲ್ಲದ ಕೋಟೆಯಂತೆ. ಇದರ ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ. ಅದು ಉಳಿದ ಕಾವಲುಗಾರರಿಗೂ ಮಂಪರು ಕವಿಸುತ್ತದೆ. ಲಿಂಫೋಮಾ ರೋಗಿಯ ಸಂಕಟವೆಂದರೆ, ಅವರಲ್ಲಿ ಮೊದಲು ಕೆಟ್ಟದ್ದೇ ಕಾವಲಿನ ಇಲಾಖೆ. ಚಿಕಿತ್ಸೆ ಆರಂಭಿಸುವ ಮೊದಲೇ ಕೋಟೆ ಅರ್ಧ ಬರಿದು.

ಈಗ ಬೂಷ್ಟಿನ ಕಡೆಗೆ ಬರೋಣ. ೧೭೨೯ರಲ್ಲಿ ಫ್ಲಾರೆನ್ಸ್ ನಗರದ ಪಾದ್ರಿ, ಸಸ್ಯಶಾಸ್ತ್ರಜ್ಞ ಮಿಕೆಲಿ ಎಂಬಾತ ಒಂದು ಬೂಷ್ಟನ್ನು ಮಸೂರದಡಿ ನೋಡಿದ. ಒಂದು ದಂಟು, ಅದರ ತಲೆಯ ಮೇಲೆ ಎಲ್ಲ ದಿಕ್ಕಿಗೂ ಚಾಚಿದ ಮಣಿಸರಗಳು. ಅವನಿಗೆ ತನ್ನ ಇಗರ್ಜಿಯಲ್ಲಿ ತೀರ್ಥ ಪ್ರೋಕ್ಷಿಸುವ ಸಾಧನದ ನೆನಪಾಗಿ ಅದಕ್ಕೆ ಆಸ್ಪರ್ಜಿಲಸ್ ಎಂದು ಹೆಸರಿಟ್ಟ. ನಮ್ಮಲ್ಲಾಗಿದ್ದರೆ ಪುರೋಹಿತರ ಕೈಯ ಮಾವಿನೆಲೆಯ ಗೊಂಚಲು ನೆನಪಾಗುತ್ತಿತ್ತೋ ಏನೋ. ಆ ಮಣಿಸರದ ಒಂದೊಂದು ಮಣಿಯೂ ಒಂದು ಬೀಜಕ. ಅದರ ಅಳತೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಮೂಗಿನ ಕೂದಲಿಗೆ ಸಿಕ್ಕದೆ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೆ ಇಳಿಯುವಷ್ಟು ಸಣ್ಣದು. ನಾವೆಲ್ಲರೂ ದಿನಕ್ಕೆ ನೂರಾರು ಬೀಜಕಗಳನ್ನು ಒಳಗೆಳೆದುಕೊಳ್ಳುತ್ತೇವೆ. ನಮಗೆ ಏನೂ ಆಗುವುದಿಲ್ಲ. ಗಾಳಿಗೂಡಿನಲ್ಲಿ ಕಾದಿರುವ ದೊಡ್ಡ ಭಕ್ಷಕ ಕಣಗಳು ಬೀಜಕವನ್ನು ನುಂಗುತ್ತವೆ. ತಪ್ಪಿಸಿಕೊಂಡು ಮೊಳೆತು ಎಳೆ ಬಿಟ್ಟದ್ದನ್ನು ನ್ಯೂಟ್ರೊಫಿಲ್‌ಗಳು ಸುತ್ತುವರಿದು ಕೊಲ್ಲುತ್ತವೆ. ಮೇಲಾಗಿ, ಶಿಲೀಂಧ್ರಗಳಲ್ಲಿ ಬಹುಪಾಲು ಜಾತಿಗಳು ನಮ್ಮ ಮೈಯ ೩೭ ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳಲಾರವು. ಆದರೆ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬುದು ಕೊಳೆಯುವ ಎಲೆಯ ರಾಶಿಯೊಳಗೆ ಹುಟ್ಟಿ ಬೆಳೆದದ್ದು. ಗೊಬ್ಬರದ ಗುಡ್ಡೆಯ ಒಡಲಿನ ಬಿಸಿಯ ಮುಂದೆ ಮನುಷ್ಯನ ಮೈ ಅದಕ್ಕೆ ತಂಪಾದ ತಾಣ.

ಮೂರನೆಯ ಸುತ್ತು ಮುಗಿದ ಹನ್ನೊಂದನೆಯ ದಿನ, ರಾತ್ರಿ ಎಂಟೂವರೆಗೆ, ನನ್ನ ಪತ್ನಿಗೆ ಮೈ ಬೆಚ್ಚಗಾಯಿತು. ಥರ್ಮಾಮೀಟರು ೧೦೦.೬ ತೋರಿಸಿತು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ೧೦೦.೪ ಡಿಗ್ರಿ ದಾಟಿ ಜ್ವರ ನಿಂತರೆ ಯಾವ ಹೊತ್ತಾದರೂ ಸರಿ, ತಕ್ಷಣ ಬರತಕ್ಕದ್ದು. ಆ ಹಾಳೆಯನ್ನು ನಾನೇ ಬೀರುವಿನ ಬಾಗಿಲಿಗೆ ಅಂಟಿಸಿದ್ದೆ. "ಈ ಮಳೆಯಲ್ಲಿ ಎಲ್ಲಿಗೆ ಹೋಗುವುದು ಅಂದ್ರೆ, ಬೆಳಿಗ್ಗೆ ಹೋದರಾಯ್ತು ಬಿಡಿ," ಎಂದಳು. ನನಗೂ ಅದೇ ಬೇಕಾಗಿತ್ತೆಂದು ಕಾಣುತ್ತದೆ. ಒಂದು ಪ್ಯಾರಾಸಿಟಮಾಲ್ ಕೊಟ್ಟೆ. ಜ್ವರ ಇಳಿಯಿತು, ಇಬ್ಬರೂ ಮಲಗಿದೆವು. ಜ್ವರವೆಂಬುದು ಶತ್ರುವಲ್ಲ, ಶತ್ರು ಬಂದನೆಂದು ಕೂಗುವ ತಳವಾರ. ಆ ತಳವಾರನ ಬಾಯಿ ಮುಚ್ಚಿಸಿ ನಾನು ಮಲಗಿದೆನೆಂಬುದು ಬೆಳಗಿನ ಜಾವ ನಾಲ್ಕು ಗಂಟೆಗೆ, ಆಕೆ ಗಡಗಡ ನಡುಗುತ್ತ ಎದ್ದು ಕುಳಿತಾಗ, ನನಗೆ ಹೊಳೆಯಿತು. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ನ್ಯೂಟ್ರೊಫಿಲ್ ೨೦೦.

ಮುಂದೆ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳಬೇಕು, ಏಕೆಂದರೆ ಅನೇಕರು ಇದನ್ನು ತಪ್ಪಾಗಿ ತಿಳಿದಿರುತ್ತಾರೆ. ಇಂಥ ದಿನಗಳಲ್ಲಿ ಬರುವ ಜ್ವರದ ಮೊದಲ ಅಪರಾಧಿ ಸಾಮಾನ್ಯವಾಗಿ ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ. ಅದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಯಾವುದೆಂದು ಗೊತ್ತಾಗುವ ಮೊದಲೇ ಪ್ರಬಲವಾದ ಆಂಟಿಬಯಾಟಿಕ್ ಆರಂಭಿಸುತ್ತಾರೆ. ಶಿಲೀಂಧ್ರ ನಿಧಾನಿ. ನಾಲ್ಕೈದು ದಿನ ಔಷಧ ಕೊಟ್ಟರೂ ಜ್ವರ ಇಳಿಯದಿದ್ದಾಗ ವೈದ್ಯರ ಅನುಮಾನ ಅದರ ಕಡೆ ತಿರುಗುತ್ತದೆ. ನಮ್ಮಲ್ಲಿ ಆದದ್ದೂ ಹೀಗೆಯೆ. ಐದನೆಯ ದಿನವೂ ಜ್ವರ. ಜೊತೆಗೆ ಒಣಕೆಮ್ಮು, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚು. ಎದೆಯ ಸಾಮಾನ್ಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸಿ.ಟಿ. ಚಿತ್ರದಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗೋಲಿಯಷ್ಟು ಗಾತ್ರದ ಒಂದು ಗಂಟು, ಅದರ ಸುತ್ತ ಮಬ್ಬಾದ ಬಳೆ. ಚಂದ್ರನ ಸುತ್ತ ಗುಡಿ ಕಟ್ಟುತ್ತದೆಯಲ್ಲ, ಥೇಟು ಹಾಗೆ. ವೈದ್ಯರೂ ಅದಕ್ಕೆ ಪರಿವೇಷವೆಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಬೂಷ್ಟಿನ ಎಳೆಗಳು ರಕ್ತನಾಳದ ಗೋಡೆಯನ್ನು ತೂರಿಕೊಂಡು ಹೋದಾಗ ಸುತ್ತಲೂ ರಕ್ತ ಜಿನುಗಿ ಆ ಬಳೆ ಮೂಡುತ್ತದೆ.

ಅನುಮಾನವನ್ನು ಖಚಿತಪಡಿಸುವುದೂ ಸುಲಭವಲ್ಲ. ನನ್ನ ಬ್ರೆಡ್ಡಿನ ಚೂರಿನ ಮೇಲೆ ಮೂರೇ ದಿನಕ್ಕೆ ಬೂಷ್ಟು ಬೆಳೆಯುತ್ತಿತ್ತು. ರೋಗಿಯ ರಕ್ತವನ್ನು ಬಾಟಲಿಯಲ್ಲಿಟ್ಟು ಕಾದರೆ ಆಸ್ಪರ್ಜಿಲಸ್ ಬೆಳೆಯುವುದು ತೀರ ಅಪರೂಪ. ಗಂಟಿಗೆ ಸೂಜಿ ಹಾಕೋಣವೆಂದರೆ, ಚಿಕಿತ್ಸೆಯಿಂದಾಗಿ ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಕಡಿಮೆಯಾಗಿರುತ್ತವೆ. ಕೊನೆಗೆ ಶ್ವಾಸನಾಳದೊಳಕ್ಕೆ ಕೊಳವೆ ಇಳಿಸಿ, ಅಲ್ಲಿ ತೊಳೆದು ತೆಗೆದ ನೀರಿನಲ್ಲಿ ಬೂಷ್ಟಿನ ಗೋಡೆಯ ಗ್ಯಾಲಕ್ಟೋಮನ್ನಾನ್ ಎಂಬ ಸಕ್ಕರೆಯನ್ನು ಹುಡುಕಿದರು. ಅದು ಸಿಕ್ಕಿತು.

ಮೊದಲು ಹೇಳಿದ ದಾಯಾದಿ ಸಂಬಂಧದ ತೊಡಕು ಬರುವುದು ಇಲ್ಲಿಯೇ. ಬ್ಯಾಕ್ಟೀರಿಯಾ ನಮಗೆ ಬಹು ದೂರದ ಜೀವಿ. ಅದನ್ನು ಕೊಲ್ಲುವ ವಿಷ ನಮಗೆ ತಾಗದಂತೆ ಮಾಡುವುದು ಅಷ್ಟಿಷ್ಟು ಸುಲಭ. ಶಿಲೀಂಧ್ರದ ಕೋಶ ನಮ್ಮ ಕೋಶವನ್ನೇ ಹೋಲುತ್ತದೆ. ಕೋಶದ ಪೊರೆಯಲ್ಲಿ ನಮಗೆ ಕೊಲೆಸ್ಟರಾಲ್ ಇದ್ದರೆ ಅದಕ್ಕೆ ಎರ್ಗೊಸ್ಟರಾಲ್. ಈ ಒಂದು ಸಣ್ಣ ವ್ಯತ್ಯಾಸವನ್ನು ಹಿಡಿದೇ ಹಳೆಯ ಔಷಧಗಳಲ್ಲಿ ಹೆಚ್ಚಿನವು ಕೆಲಸ ಮಾಡುತ್ತವೆ. ಸ್ವಾರಸ್ಯವೆಂದರೆ ಅವುಗಳಲ್ಲಿ ಮೊದಲಿನವು ಮಣ್ಣಿನಿಂದಲೇ ಬಂದವು. ಅಮೆರಿಕದಲ್ಲಿ ಎಲಿಜಬೆತ್ ಹೇಜನ್, ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು, ಒಬ್ಬರು ನ್ಯೂಯಾರ್ಕಿನಲ್ಲಿ, ಮತ್ತೊಬ್ಬರು ಆಲ್ಬನಿಯಲ್ಲಿ ಕುಳಿತು, ಜಾಡಿಗಳಲ್ಲಿ ಮಾದರಿಗಳನ್ನು ಅಂಚೆಯ ಮೂಲಕ ಕಳಿಸಿಕೊಳ್ಳುತ್ತ, ೧೯೫೦ರಲ್ಲಿ ನಿಸ್ಟಾಟಿನ್ ಎಂಬ ಔಷಧವನ್ನು ಲೋಕಕ್ಕೆ ತಿಳಿಸಿದರು. ಅದು ದೊರೆತದ್ದು ಸ್ನೇಹಿತರ ಹೈನಿನ ಹೊಲವೊಂದರ ಮಣ್ಣಿನಲ್ಲಿ. ೧೯೬೬ರ ಪ್ರವಾಹದಲ್ಲಿ ನೆನೆದು ಬೂಷ್ಟು ಹಿಡಿದ ಫ್ಲಾರೆನ್ಸಿನ ಕಲಾಕೃತಿಗಳಿಗೂ ಅದನ್ನೇ ಬಳಸಿದರು. ಮಿಕೆಲಿಯ ಊರಿನ ಋಣ ಹೀಗೆ ತೀರಿತೆನ್ನಬೇಕು. ದಕ್ಷಿಣ ಅಮೆರಿಕದ ಒರಿನೋಕೊ ನದಿಯ ಕಡೆಯ ಮಣ್ಣಿನಿಂದ ಆ ದಶಕದಲ್ಲಿಯೇ ಬಂದದ್ದು ಆಂಫೊಟೆರಿಸಿನ್. ನಮ್ಮ ಕನ್ನಡನಾಡಿನವರೇ ಆದ ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿದ್ದಾಗ, ಅಲ್ಲಿಯ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹಾಮೈಸಿನ್ ಎಂಬುದನ್ನು ಪಡೆದರು. ೧೯೬೧ರ ಸುಮಾರಿಗೆ ಅದರ ವರದಿಗಳು ಹೊರಬಂದವು. ಆ ಜೀವಿಯ ಶಾಸ್ತ್ರೀಯ ನಾಮದಲ್ಲಿ ಪಿಂಪ್ರಿಯ ಹೆಸರೇ ಸೇರಿಕೊಂಡಿದೆ. ಪಾಠ ಹೇಳುವಾಗ ನಾನು ಆ ಹೆಸರನ್ನು ಎರಡು ಸಲ ಉಚ್ಚರಿಸುತ್ತಿದ್ದೆ.

ಆಂಫೊಟೆರಿಸಿನ್ ಪ್ರಬಲವಾದದ್ದು, ಆದರೆ ಒರಟು. ಚಳಿ ನಡುಕ ತರುತ್ತದೆ, ಮೂತ್ರಪಿಂಡವನ್ನು ನೋಯಿಸುತ್ತದೆ. ಕೊಬ್ಬಿನ ಕಣದೊಳಗೆ ಸುತ್ತಿ ಕೊಟ್ಟರೆ ಸ್ವಲ್ಪ ಸೌಮ್ಯ, ಬೆಲೆ ಬಹಳ. ಆಸ್ಪರ್ಜಿಲಸ್‌ಗೆ ೨೦೦೨ರಿಂದೀಚೆಗೆ ಮೊದಲ ಆಯ್ಕೆಯಾಗಿ ಬಂದದ್ದು ವೊರಿಕೊನಜೋಲ್. ನನ್ನ ಪತ್ನಿಗೆ ಕೊಟ್ಟದ್ದೂ ಅದೇ. ಮೊದಲ ದಿನಗಳಲ್ಲಿ ಅದನ್ನು ಕೊಟ್ಟ ಸ್ವಲ್ಪ ಹೊತ್ತಿಗೆ ಆಕೆ, "ದೀಪ ಯಾಕೆ ಹೀಗೆ ಅಲೆ ಅಲೆಯಾಗಿದೆ? ಗೋಡೆಯ ಬಣ್ಣ ಬದಲಾಯಿಸಿದ್ದಾರೇನು?" ಎಂದು ಕೇಳುತ್ತಿದ್ದಳು. ನಾನು ಗಾಬರಿಯಾದೆ. ಅದು ಔಷಧದ ಪರಿಣಾಮ, ತಾನಾಗಿ ಹೋಗುತ್ತದೆ ಎಂದರು ದಾದಿ; ಹೋಯಿತು ಕೂಡ.

ಆದರೆ ದೊಡ್ಡ ಪ್ರಶ್ನೆ ಬೇರೆಯೇ ಇತ್ತು. ನಾಲ್ಕನೆಯ ಸುತ್ತಿನ ಗತಿಯೇನು? ಅರ್ಬುದದ ಔಷಧ ಕೊಟ್ಟರೆ ಬಿಳಿಯ ಕಣಗಳು ಮತ್ತೆ ಬಿದ್ದು ಬೂಷ್ಟು ಹರಡುತ್ತದೆ. ಕೊಡದೆ ನಿಲ್ಲಿಸಿದರೆ ಅರ್ಬುದ ತಲೆಯೆತ್ತುತ್ತದೆ. ಇಷ್ಟೂ ಸಾಲದೆಂಬಂತೆ, ವೊರಿಕೊನಜೋಲ್ ದೇಹದಲ್ಲಿರುವಾಗ ವಿನ್‌ಕ್ರಿಸ್ಟಿನ್ ಎಂಬ ಔಷಧ ಬೇಗ ಕರಗಿ ಹೋಗದೆ ನಿಂತು ನರಗಳನ್ನು ಕೆಡಿಸುತ್ತದೆ. ಅವಳ ಐದು ಔಷಧಗಳಲ್ಲಿ ಅದೂ ಒಂದು. ಒಂದು ಕಾಯಿಲೆಯ ಮದ್ದು ಇನ್ನೊಂದರ ಮದ್ದಿಗೆ ಅಡ್ಡಗಾಲು. ಆ ವಾರ ವೈದ್ಯರು ನಮ್ಮೆದುರಿಗೆ ಲೆಕ್ಕ ಹಾಕುತ್ತ ಕುಳಿತದ್ದು ನನಗೆ ನೆನಪಿದೆ. ಮೂರು ವಾರ ತಡೆದರು. ಗಂಟು ಕುಗ್ಗಿದೆಯೆಂದು ಚಿತ್ರದಲ್ಲಿ ಕಂಡ ಮೇಲೆ, ವಿನ್‌ಕ್ರಿಸ್ಟಿನ್ ಬಿಟ್ಟು, ಬಿಳಿಯ ಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದಿನ ಆಸರೆಯಲ್ಲಿ ಮುಂದುವರಿಸಿದರು. ಶಿಲೀಂಧ್ರದ ಸೋಂಕಿನಿಂದ ಸಾಯುವವರ ಮಾತು ಎಲ್ಲರ ಬಾಯಲ್ಲೂ ಇದೆ. ಅದರಿಂದಾಗಿ ಅರ್ಬುದದ ಚಿಕಿತ್ಸೆ ತಡವಾಗಿ ಸೋತವರ ಮಾತು ಕೇಳಿಬರುವುದಿಲ್ಲ.

ಬೂಷ್ಟು ಎಂದರೆ ಆಸ್ಪರ್ಜಿಲಸ್ ಒಂದೇ ಅಲ್ಲ. ಬಾಯೊಳಗೆ ಮೊಸರಿನ ಕೆನೆಯಂಥ ಬಿಳಿ ಮಚ್ಚೆ ಬಿಡುವ ಕ್ಯಾಂಡಿಡಾ ನಮ್ಮ ಕರುಳಿನಲ್ಲಿಯೇ ವಾಸವಾಗಿರುವಂಥದು. ನಾಳಕ್ಕೆ ಹಾಕಿದ ಕೊಳವೆಯ ಮೂಲಕ ರಕ್ತಕ್ಕೆ ಇಳಿದರೆ ಅಪಾಯಕಾರಿ. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಮಿದುಳಿನ ಪೊರೆಗೆ ಏರುತ್ತದೆ. ಅದರ ಮೊದಲ ಸೂಚನೆ ಬಿಡದ ತಲೆನೋವು. ನಮ್ಮ ಬಹುಮಹಡಿ ಕಟ್ಟಡಗಳಲ್ಲಿ ಕಿಟಕಿಗೆ ಕಟ್ಟಿದ ಬಲೆಗಳನ್ನು ನೋಡಿ ನಗುವವರು ಇದನ್ನು ನೆನೆಯಬೇಕು. ನ್ಯುಮೊಸಿಸ್ಟಿಸ್ ಎಂಬುದನ್ನು ಬಹುಕಾಲ ಏಕಕೋಶ ಪ್ರಾಣಿಯೆಂದೇ ಎಣಿಸಿದ್ದರು. ಅದು ಶಿಲೀಂಧ್ರವೆಂದು ೧೯೮೮ರಲ್ಲಿ ತಿಳಿದುಬಂತು. ಅದರ ಪೊರೆಯಲ್ಲಿ ಎರ್ಗೊಸ್ಟರಾಲ್ ಇಲ್ಲದ ಕಾರಣ ಆಂಫೊಟೆರಿಸಿನ್‌ಗೆ ಅದು ಜಗ್ಗುವುದಿಲ್ಲ. ಹಳೆಯ ಕಾಲದ ಅಗ್ಗದ ಸಲ್ಫಾ ಗುಳಿಗೆಗೆ ಜಗ್ಗುತ್ತದೆ. ಸ್ಟೀರಾಯ್ಡಿನೊಡನೆ ಚಿಕಿತ್ಸೆ ಪಡೆಯುವ ಅನೇಕ ಲಿಂಫೋಮಾ ರೋಗಿಗಳಿಗೆ ವಾರಕ್ಕೆ ಮೂರು ದಿನ ಆ ಗುಳಿಗೆಯನ್ನು ಮುಂಜಾಗ್ರತೆಯಾಗಿ ಕೊಡುತ್ತಾರೆ. 'ಇದು ಯಾವುದಕ್ಕೋ, ಬರಿಯ ಉಷ್ಣ' ಎಂದು ಅದನ್ನು ಬಿಟ್ಟುಬಿಡುವವರುಂಟು. ಬಿಡಬಾರದು.

ಇನ್ನು ೨೦೨೧ನ್ನು ಯಾರು ಮರೆತಾರು? ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೇ ಕರ್ನಾಟಕದಲ್ಲಿ ಕಪ್ಪು ಶಿಲೀಂಧ್ರವೆಂಬ ಹೆಸರು ಮನೆಮಾತಾಯಿತು. ಆ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಹಾಸಿಗೆಗಳು. ಆಂಫೊಟೆರಿಸಿನ್ ಬಾಟಲಿಗಾಗಿ ಊರೂರು ಅಲೆದಾಟ. ಆ ಕಾಯಿಲೆಯನ್ನು ತಂದದ್ದು ಹೆಚ್ಚಾಗಿ ನನ್ನ ಬ್ರೆಡ್ಡಿನ ಬೂಷ್ಟಿನ ಕುಲದ್ದೇ, ರೈಜೋಪಸ್. ಅದು ಕಪ್ಪೂ ಅಲ್ಲ. ರಕ್ತನಾಳ ಕಟ್ಟಿ ಸತ್ತ ಮಾಂಸ ಕಪ್ಪು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಅಳತೆಯಿಲ್ಲದ ಸ್ಟೀರಾಯ್ಡು, ಇವು ಸಾವಿರಾರು ಜನರಲ್ಲಿ ಒಟ್ಟಿಗೆ ಕಾವಲನ್ನು ತಗ್ಗಿಸಿದ್ದವು. ಊರಿಗೆಲ್ಲ ಹೊಸದೆನಿಸಿದ ಆ ಭಯ ಅರ್ಬುದದ ವಾರ್ಡುಗಳಿಗೆ ಹಳೆಯದು.

ಭಯಪಡಿಸುವುದು ನನ್ನ ಉದ್ದೇಶವಲ್ಲ. ಲಿಂಫೋಮಾಕ್ಕೆ ಚಿಕಿತ್ಸೆ ಪಡೆಯುವವರಲ್ಲಿ ಹೆಚ್ಚಿನವರಿಗೆ ಈ ಗಂಡಾಂತರವೊಂದೂ ಬರುವುದಿಲ್ಲ. ಬಂದರೆ ಮನೆಯವರಿಗೆ ಗುರುತು ಸಿಕ್ಕಬೇಕು, ಅಷ್ಟೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಸಂಸ್ಥೆ ೧೯೭೩ರಲ್ಲಿ ಆರಂಭವಾದಾಗಿನಿಂದ ರಾಯಚೂರು, ಬೀದರಿನಂಥ ದೂರದ ಜಿಲ್ಲೆಗಳ ಜನರೂ ಅಲ್ಲಿಗೆ ಬರುತ್ತಾರೆ. ಔಷಧ ಹಾಕಿಸಿಕೊಂಡು ಊರಿಗೆ ಮರಳುತ್ತಾರೆ. ಕಾವಲು ತಗ್ಗುವ ಹತ್ತನೆಯ ದಿನ ಅವರಿರುವುದು ಆಸ್ಪತ್ರೆಯಿಂದ ನೂರಾರು ಕಿಲೋಮೀಟರು ದೂರದಲ್ಲಿ. ಅಲ್ಲಿಯ ವೈದ್ಯರಿಗೆ ಇವರು ಬರಿಯ ಜ್ವರದ ರೋಗಿ. ಯಾವ ಔಷಧ, ಯಾವ ತಾರೀಖು ಎಂದು ಬರೆದ ಚೀಟಿ ಜೇಬಿನಲ್ಲಿದ್ದು, 'ರಕ್ತದ ಕಣ ಎಣಿಸಿ' ಎಂದು ಕೇಳುವ ಧೈರ್ಯವಿದ್ದರೆ ಅದೇ ಒಂದು ಪ್ರಾಣ. ಮೈಸೂರು ರಸ್ತೆಯ ಪಕ್ಕದಲ್ಲಿದ್ದೂ, ಹಾಳೆ ಅಂಟಿಸಿದ್ದೂ ಒಂದು ರಾತ್ರಿ ಕಳೆದ ನಾನು ಅವರಿಗೆ ಬುದ್ಧಿ ಹೇಳುವ ಅರ್ಹತೆ ಪಡೆದಿಲ್ಲ.

ಮನೆಯ ಪ್ರೀತಿಯೂ ಕೆಲವೊಮ್ಮೆ ಬಾಗಿಲು ತೆರೆಯುತ್ತದೆ. ನೋಡಲು ಬಂದವರು ಮಲ್ಲಿಗೆ, ಸೇವಂತಿಗೆ ತರುತ್ತಾರೆ. ಹೂದಾನಿಯ ನೀರು ಎರಡೇ ದಿನಕ್ಕೆ ಕ್ರಿಮಿಗಳ ಕೊಳ. ತುಳಸಿಯ ಕುಂಡವನ್ನು ಕಣ್ಣಿಗೆ ಕಾಣಲೆಂದು ಹಾಸಿಗೆಯ ಬಳಿ ಇಡುತ್ತಾರೆ. ಅದರ ಮಣ್ಣು ಬೀಜಕದ ಕಣಜ. ಹೊತ್ತು ಹೋಗಲೆಂದು ಅಟ್ಟದಿಂದ ಹಳೆಯ ಪುಸ್ತಕ ಇಳಿಸಿ ಧೂಳು ಕೊಡವುತ್ತಾರೆ. ಮಳೆಗಾಲದಲ್ಲಿ ಗೋಡೆಗೆ ಬಂದ ತೇವದ ಕಲೆಯನ್ನು ಒಣಪೊರಕೆಯಲ್ಲಿ ಗುಡಿಸುತ್ತಾರೆ. ಊಟದ ವಿಷಯದಲ್ಲಿ ಮಾತ್ರ ಹಿಂದಿನಷ್ಟು ಕಟ್ಟುಪಾಡು ಈಗಿಲ್ಲ. ಚೆನ್ನಾಗಿ ಬೆಂದದ್ದು, ತೊಳೆದು ಸಿಪ್ಪೆ ಸುಲಿದದ್ದು ಸಾಕು. ಹೆಚ್ಚಿನ ಪಥ್ಯದಿಂದ ರೋಗಿ ಸೊರಗುವುದೇ ಆದೀತು. ಅಗೆತ ನಡೆಯುವ ಕಡೆ ಹೋಗದಿರುವುದು, ಹೋಗಲೇಬೇಕಾದರೆ ಬಿಗಿಯಾದ ಮುಖಗವಸು, ಇವನ್ನು ನಮ್ಮ ವೈದ್ಯರು ಒತ್ತಿ ಹೇಳಿದರು. ಕಟ್ಟಡದ ಅಗೆತದ ಧೂಳಿನಿಂದ ಆಸ್ಪತ್ರೆಗಳಲ್ಲಿಯೇ ಆಸ್ಪರ್ಜಿಲಸ್ ಹರಡಿದ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಆಗ ನಮ್ಮ ಪಕ್ಕದ ನಿವೇಶನದಲ್ಲಿಯೂ ಪಾಯ ತೋಡುತ್ತಿದ್ದರು. ನೆಂಟರೆಲ್ಲ ಅದನ್ನೇ ದೂರಿದರು. ನಾನು ಸುಮ್ಮನಿದ್ದೆ. ನಮ್ಮ ಮಲಗುವ ಕೋಣೆಯ ಕಿಟಕಿ ತಾರಸಿಯ ಮೆಟ್ಟಿಲ ಕಡೆಗೆ ತೆರೆಯುತ್ತದೆ. ಮೂರನೆಯ ಸುತ್ತಿನ ಬಳಿಕ ಬಂದ ಭಾನುವಾರವೂ ನಾನು ಮೇಲೆ ಹೋಗಿ ಪೀಪಾಯಿ ಮಗುಚಿದ್ದೆ. ಒಂದು ದಿನ ವೈದ್ಯರಿಗೆ ಇದನ್ನು ಹೇಳಿಯೇಬಿಟ್ಟೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಸಾರ್, ಆ ಬೀಜಕ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು. ಪಕ್ಕದ ಸೈಟಿನದಿರಬಹುದು, ನಮ್ಮ ಆಸ್ಪತ್ರೆಯ ಅಂಗಳದ್ದಿರಬಹುದು, ಚಿಕಿತ್ಸೆಗೆ ಮೊದಲೇ ಒಳಗೆ ಹೋಗಿ 

ಕುಳಿತದ್ದಿರಬಹುದು," ಎಂದರು. ಅವರು ಹೇಳಿದ್ದು ಶಾಸ್ತ್ರಸಮ್ಮತ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ.

೨೦೨೦ರ ಆರಂಭದಲ್ಲಿ ಆರನೆಯ ಸುತ್ತು ಮುಗಿಯಿತು. ಬೂಷ್ಟಿನ ಔಷಧ ಅದಾದ ಮೇಲೂ ಕೆಲವು ತಿಂಗಳು ನಡೆಯಿತು. ಶ್ವಾಸಕೋಶದಲ್ಲಿ ಈಗ ಸಣ್ಣದೊಂದು ಕಲೆ ಮಾತ್ರ ಉಳಿದಿದೆ. ಕಾಲಕಾಲಕ್ಕೆ ಹೋಗಿ ತೋರಿಸಿಕೊಂಡು ಬರುತ್ತೇವೆ. ತಾರಸಿಯ ಗಿಡಗಳನ್ನು ಪರಿಚಯದವರಿಗೆ ಹಂಚಿ, ಪೀಪಾಯಿಗಳನ್ನು ತೊಳೆದು ಬೋರಲು ಹಾಕಿದ್ದೆ. ಹೋದ ಮಳೆಗಾಲದಲ್ಲಿ ನನ್ನ ಪತ್ನಿ ಅವುಗಳಲ್ಲೊಂದರ ಮೇಲೆ ಕುಳಿತು, "ಇದನ್ನು ಎಷ್ಟು ವರ್ಷ ಹೀಗೆ ಮಗುಚಿಡುತ್ತೀರಿ? ಒಂದು ಕರಿಬೇವಾದರೂ ಹಾಕೋಣ," ಎಂದಳು. ವೈದ್ಯರನ್ನು ಕೇಳಿದ್ದೂ ಆಗಿದೆಯಂತೆ. ಗೊಬ್ಬರ ಅವಳು ಮುಟ್ಟುವುದು ಬೇಡ, ಗಿಡ ಇಡಬಹುದು ಎಂದರಂತೆ. ನರ್ಸರಿಯಿಂದ ಸಸಿ ತಂದದ್ದಾಗಿದೆ. ಅದು ಇನ್ನೂ ಗೇಟಿನ ಹೊರಗೆ, ಪ್ಲಾಸ್ಟಿಕ್ ಚೀಲದಲ್ಲಿಯೇ ಇದೆ.